ಕಾವಲು ಇದ್ದರೂ ಮೆಲನೋಮಾ ಬೆಳೆಯುವುದು ಹೇಗೆ?

2003ರಲ್ಲಿ ಗ್ಲಾಸ್ಗೋದ ವೈದ್ಯರು ಒಂದು ಪ್ರಕರಣವನ್ನು ಪ್ರಕಟಿಸಿದರು. ಒಬ್ಬರೇ ದಾನಿಯ ಎರಡು ಕಿಡ್ನಿಗಳನ್ನು ಇಬ್ಬರು ರೋಗಿಗಳಿಗೆ ಕಸಿ ಮಾಡಲಾಗಿತ್ತು. ಆಮೇಲೆ ಇಬ್ಬರಿಗೂ ಮೆಲನೋಮಾ ಕಾಣಿಸಿಕೊಂಡಿತು. ಮೆಲನೋಮಾ ಅಂದರೆ ಚರ್ಮಕ್ಕೆ ಬಣ್ಣ ಕೊಡುವ ಕೋಶಗಳಲ್ಲಿ ಹುಟ್ಟುವ ಕ್ಯಾನ್ಸರ್, ಚರ್ಮದ ಕ್ಯಾನ್ಸರ್‌ಗಳಲ್ಲೇ ತುಂಬಾ ಅಪಾಯಕಾರಿ. ಅದು ಅವರ ಸ್ವಂತದ್ದಲ್ಲ, ಕಿಡ್ನಿಯ ಜೊತೆಗೆ ಬಂದದ್ದು. ಹಳೆಯ ದಾಖಲೆ ತೆಗೆದು ನೋಡಿದರೆ, ದಾನಿಗೆ 16 ವರ್ಷಗಳ ಹಿಂದೆ ಮೆಲನೋಮಾ ಆಪರೇಷನ್ ಆಗಿತ್ತು. ಪೂರ್ತಿ ವಾಸಿಯಾಗಿದೆ ಎಂದೇ ಎಲ್ಲರೂ ನಂಬಿದ್ದರು. ಕಿಡ್ನಿ ಪಡೆದವರಲ್ಲಿ ಒಬ್ಬರು ಈ ಕ್ಯಾನ್ಸರ್‌ನಿಂದಲೇ ತೀರಿಕೊಂಡರು.

ಈ ಪ್ರಕರಣವನ್ನು ಮೊದಲ ಸಲ ಓದಿದಾಗ ನನಗೆ ಭಯಕ್ಕಿಂತ ಹೆಚ್ಚಾಗಿ ಬೆರಗಾಯಿತು. 16 ವರ್ಷ ಆ ಕೋಶಗಳು ದಾನಿಯ ಮೈಯಲ್ಲಿ ಜೀವಂತ ಇದ್ದವು, ಆದರೂ ಅವರಿಗೆ ಏನೂ ಆಗಲಿಲ್ಲ. ಅಂದರೆ ಅವರ ರೋಗನಿರೋಧಕ ವ್ಯವಸ್ಥೆ ಅಷ್ಟು ವರ್ಷ ಅವುಗಳನ್ನು ಬೆಳೆಯಲು ಬಿಡದೆ ಹಿಡಿದಿಟ್ಟಿತ್ತು. ಕಿಡ್ನಿ ಪಡೆದವರಿಗೆ ಕಸಿ ತಿರಸ್ಕಾರವಾಗದಿರಲಿ ಎಂದು ನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧ ಕೊಡುತ್ತಾರೆ, ಕೊಡಲೇಬೇಕು. ಹಿಡಿತ ಸಡಿಲವಾದ ಕೂಡಲೇ ಅವು ಬೆಳೆದವು.

ಕ್ಯಾನ್ಸರ್ ಅಂದರೆ ದೇಹಕ್ಕೆ ಗೊತ್ತಿಲ್ಲದೆ ನಡೆಯುವ ಕಳ್ಳತನ ಎಂದು ನಮ್ಮಲ್ಲಿ ಬಹಳ ಜನ ಅಂದುಕೊಂಡಿದ್ದೇವೆ. ಮೆಲನೋಮಾ ವಿಷಯದಲ್ಲಂತೂ ಅದು ನಿಜವಲ್ಲ. ದೇಹಕ್ಕೆ ಗೊತ್ತಿರುತ್ತದೆ. ಹೋರಾಟವೂ ನಡೆಯುತ್ತಿರುತ್ತದೆ. ಹಾಗಾದರೆ ಸೋಲುವುದು ಯಾಕೆ? ಇದಕ್ಕೆ ಈಗ ಸಾಕಷ್ಟು ಉತ್ತರ ಸಿಕ್ಕಿದೆ. ಕ್ಯಾನ್ಸರ್ ಮತ್ತು ಇಮ್ಯೂನಿಟಿ ಬಗ್ಗೆ ವಾಟ್ಸಾಪಿನಲ್ಲಿ ಓಡಾಡುವ ಮಾತುಗಳನ್ನು ನೋಡಿದಾಗಲೆಲ್ಲ ಇದನ್ನು ಒಮ್ಮೆ ಕನ್ನಡದಲ್ಲಿ ಬಿಡಿಸಿ ಬರೆಯಬೇಕು ಅನ್ನಿಸುತ್ತಿತ್ತು.

ಮೊದಲು, ಕಾವಲು ನಡೆಯುವುದು ಹೇಗೆ ಅನ್ನುವುದನ್ನು ನೋಡೋಣ. ನಮ್ಮ ಮೈಯ ಬಹುತೇಕ ಎಲ್ಲ ಕೋಶಗಳೂ ತಮ್ಮೊಳಗೆ ತಯಾರಾಗುವ ಪ್ರೋಟೀನುಗಳ ಚಿಕ್ಕ ಚಿಕ್ಕ ಚೂರುಗಳನ್ನು ಹೊರಮೈ ಮೇಲೆ ತಂದು ತೋರಿಸುತ್ತಲೇ ಇರುತ್ತವೆ. ಮಂಡಿಯಲ್ಲಿ ಚೀಲಕ್ಕೆ ಕೈ ಹಾಕಿ ಒಂದು ಹಿಡಿ ಕಾಳು ತೆಗೆದು ವ್ಯಾಪಾರಿಗೆ ತೋರಿಸುತ್ತಾರಲ್ಲ, ಹಾಗೆ. ಚೂರನ್ನು ಹಿಡಿದು ತೋರಿಸುವ ಅಣುವಿಗೆ ಎಂಎಚ್‌ಸಿ ಎಂದು ಹೆಸರು. ಟಿ ಕೋಶಗಳು ಎಂಬ ಬಿಳಿ ರಕ್ತಕಣಗಳು ಓಡಾಡುತ್ತಾ ಈ ಚೂರುಗಳನ್ನು ಮುಟ್ಟಿ ನೋಡುತ್ತವೆ. ಮಾಮೂಲಿ ಚೂರಾದರೆ ಮುಂದೆ ಹೋಗುತ್ತವೆ. ಹಿಂದೆಂದೂ ಕಾಣದ ಚೂರು ಕಂಡರೆ, ಈ ಕೋಶದೊಳಗೆ ವೈರಸ್ ಸೇರಿದೆ ಅಥವಾ ಏನೋ ಕೆಟ್ಟಿದೆ ಎಂದು ಅದನ್ನು ಅಲ್ಲೇ ಕೊಲ್ಲುತ್ತವೆ.

ಈ ಲೆಕ್ಕದಲ್ಲಿ ಮೆಲನೋಮಾ ಬಹಳ ಸುಲಭವಾಗಿ ಸಿಕ್ಕಿಬೀಳಬೇಕು. ಬಿಳಿ ಚರ್ಮದವರಲ್ಲಿ ಇದು ಮುಖ್ಯವಾಗಿ ಬಿಸಿಲಿನ ನೇರಳಾತೀತ ಕಿರಣಗಳಿಂದ ಬರುವ ಕಾಯಿಲೆ. ಆ ಕಿರಣಗಳು ಡಿಎನ್ಎಯನ್ನು ವರ್ಷಗಟ್ಟಲೆ ಕೆಡಿಸುತ್ತಾ ಹೋಗುತ್ತವೆ, ಅದಕ್ಕೇ ಎಲ್ಲ ಕ್ಯಾನ್ಸರ್‌ಗಳ ಪೈಕಿ ಅತಿ ಹೆಚ್ಚು ಮ್ಯುಟೇಷನ್ (ಡಿಎನ್ಎಯಲ್ಲಿ ಆಗುವ ಬದಲಾವಣೆ) ಇರುವವುಗಳಲ್ಲಿ ಮೆಲನೋಮಾ ಒಂದು. ಮ್ಯುಟೇಷನ್ ಜಾಸ್ತಿ ಆದಷ್ಟೂ ವಿಚಿತ್ರ ಚೂರುಗಳು ಜಾಸ್ತಿ. ಟಿ ಕೋಶಗಳ ಕಣ್ಣಿಗೆ ಬೀಳುವ ಸಂದರ್ಭವೂ ಜಾಸ್ತಿ.

ಬೀಳುತ್ತವೆ ಕೂಡ. 1991ರಲ್ಲಿ ಬ್ರಸೆಲ್ಸ್‌ನ ಥಿಯೆರಿ ಬೂನ್ ತಂಡ ಒಬ್ಬ ಮೆಲನೋಮಾ ರೋಗಿಯ ಟಿ ಕೋಶಗಳು ಗೆಡ್ಡೆಯಲ್ಲಿ ಯಾವುದನ್ನು ಗುರುತು ಹಿಡಿಯುತ್ತಿವೆ ಎಂದು ಪತ್ತೆ ಮಾಡಿತು. ಮನುಷ್ಯರ ಗೆಡ್ಡೆಯಲ್ಲಿ ಹಾಗೆ ಸಿಕ್ಕಿದ ಮೊದಲ ಗುರುತು ಅದೇ. ಅದಕ್ಕೂ ಮೊದಲೇ ಅಮೆರಿಕದಲ್ಲಿ ಸ್ಟೀವನ್ ರೋಸೆನ್‌ಬರ್ಗ್ ಮೆಲನೋಮಾ ಗೆಡ್ಡೆಯನ್ನು ಕತ್ತರಿಸಿ, ಅದರೊಳಗೆ ನುಗ್ಗಿದ್ದ ಟಿ ಕೋಶಗಳನ್ನು ಹೊರತೆಗೆದು, ಲ್ಯಾಬಿನಲ್ಲಿ ದೊಡ್ಡ ಸಂಖ್ಯೆಯಲ್ಲಿ ಬೆಳೆಸಿ ಅದೇ ರೋಗಿಗೆ ವಾಪಸ್ ಕೊಟ್ಟಿದ್ದರು. 1988ರಲ್ಲಿ ಅದರ ಫಲಿತಾಂಶ ಬಂತು, ಕೆಲವರ ಗೆಡ್ಡೆಗಳು ನಿಜವಾಗಿಯೂ ಕರಗಿದ್ದವು. ಯೋಚಿಸಿ ನೋಡಿ. ಗೆಡ್ಡೆಯ ಒಳಗೇ ಅದನ್ನು ಕೊಲ್ಲಬಲ್ಲ ಕೋಶಗಳಿದ್ದವು. ಗುರುತೂ ಹಿಡಿದಿದ್ದವು. ಹೊರಗೆ ತಂದು ಬೆಳೆಸಿದರೆ ಕೆಲಸ ಮಾಡುತ್ತಿದ್ದವು. ಗೆಡ್ಡೆಯೊಳಗೆ ಇದ್ದಾಗ ಮಾತ್ರ ಸುಮ್ನೆ ಕೂತಿದ್ದವು.

ಯಾಕೆ ಕೂತಿದ್ದವು ಅನ್ನುವುದಕ್ಕೆ ಒಂದೇ ಕಾರಣ ಇಲ್ಲ. ಮೆಲನೋಮಾ ತಪ್ಪಿಸಿಕೊಳ್ಳುವ ದಾರಿಗಳು ಹಲವು, ಒಬ್ಬ ರೋಗಿಯಲ್ಲೇ ಎರಡು ಗೆಡ್ಡೆಗಳು ಬೇರೆ ಬೇರೆ ದಾರಿ ಹಿಡಿದಿರಬಹುದು.

ತೋರಿಸುವುದನ್ನೇ ನಿಲ್ಲಿಸುವುದು ಒಂದು ದಾರಿ. ಎಂಎಚ್‌ಸಿ ಕೋಶದ ಮೇಲೆ ನಿಲ್ಲಬೇಕಾದರೆ ಬೀಟಾ-2 ಮೈಕ್ರೋಗ್ಲಾಬ್ಯುಲಿನ್ ಎಂಬ ಸಣ್ಣ ಪ್ರೋಟೀನ್ ಬೇಕು. ಆ ಜೀನ್ ಕೆಟ್ಟರೆ ಕೋಶದ ಹೊರಮೈ ಖಾಲಿ. ಟಿ ಕೋಶ ಪಕ್ಕದಲ್ಲೇ ನಿಂತಿದ್ದರೂ ಅದಕ್ಕೆ ಏನೂ ಕಾಣುವುದಿಲ್ಲ. ಇದಕ್ಕೂ ನಮ್ಮ ದೇಹದಲ್ಲಿ ಒಂದು ಏರ್ಪಾಡು ಇದೆ ಅನ್ನುವುದು ನನಗೆ ತುಂಬಾ ಇಷ್ಟವಾದ ಸಂಗತಿ. ಎನ್‌ಕೆ ಕೋಶಗಳು ಎಂಬ ಇನ್ನೊಂದು ಬಗೆಯವು ಎಂಎಚ್‌ಸಿ ಇಲ್ಲದ ಕೋಶವನ್ನೇ ಅನುಮಾನಿಸಿ ಕೊಲ್ಲುತ್ತವೆ. ಆದರೆ ಎನ್‌ಕೆ ಕೋಶಗಳನ್ನು ಕರೆಯುವ ಅಪಾಯದ ಗುರುತುಗಳನ್ನು ಮೆಲನೋಮಾ ತನ್ನ ಮೈಯಿಂದ ಕತ್ತರಿಸಿ ಉದುರಿಸಿಬಿಡುತ್ತದೆ, ಎಲ್ಲ ಸಲವೂ ಅಲ್ಲದಿದ್ದರೂ ಸಾಕಷ್ಟು ಸಲ.

ಇನ್ನೊಂದು ದಾರಿ ವೇಷ ಬದಲಿಸುವುದು. ಟಿ ಕೋಶಗಳು ಮೆಲನೋಮಾವನ್ನು ಹಲವು ಬಾರಿ ಗುರುತಿಸುವುದು ಬಣ್ಣ ತಯಾರಿಸುವ ಪ್ರೋಟೀನುಗಳ ಮೂಲಕ, ಯಾಕೆಂದರೆ ಅದು ಹುಟ್ಟಿದ್ದೇ ಬಣ್ಣದ ಕೋಶದಿಂದ. 2012ರಲ್ಲಿ ಜರ್ಮನಿಯ ಒಂದು ತಂಡ ಇಲಿಗಳಲ್ಲಿ ಕಂಡದ್ದು ಹೀಗಿದೆ. ಟಿ ಕೋಶಗಳು ದಾಳಿ ಮಾಡಿದಾಗ ಅಲ್ಲಿ ಉರಿಯೂತ ಉಂಟಾಗುತ್ತದೆ, ಆ ಉರಿಯೂತದ ರಾಸಾಯನಿಕ ತಗುಲಿದ ಮೆಲನೋಮಾ ಕೋಶಗಳು ಬಣ್ಣದ ಕೆಲಸವನ್ನೇ ಬಿಟ್ಟು ತಮ್ಮ ಹುಟ್ಟಿನ ಹಿಂದಿನ ಹಂತಕ್ಕೆ ಜಾರಿಬಿಡುತ್ತವೆ. ಆಗ ಟಿ ಕೋಶ ಹುಡುಕುತ್ತಿರುವ ಗುರುತೇ ಅಲ್ಲಿ ಇರುವುದಿಲ್ಲ. ಹೊಸ ಮ್ಯುಟೇಷನ್ ಏನೂ ಬೇಕಾಗಿಲ್ಲ, ಉರಿಯೂತ ಇಳಿದ ಮೇಲೆ ಮತ್ತೆ ಹಳೆಯ ರೂಪಕ್ಕೆ ಬರಲೂಬಹುದು.

ಇನ್ನು ಕೆಲವು ಗೆಡ್ಡೆಗಳು ಕಾವಲಿನವರನ್ನು ಒಳಗೇ ಬಿಡುವುದಿಲ್ಲ. ಶಿಕಾಗೋದ ಸಂಶೋಧಕರು 2015ರಲ್ಲಿ ತೋರಿಸಿದಂತೆ, ಬೀಟಾ-ಕೆಟೆನಿನ್ ಎಂಬ ಪ್ರೋಟೀನ್ ಅತಿಯಾಗಿ ಚುರುಕಾದ ಮೆಲನೋಮಾದಲ್ಲಿ ಟಿ ಕೋಶಗಳನ್ನು ಕರೆತರಬೇಕಾದ ಡೆಂಡ್ರಿಟಿಕ್ ಕೋಶಗಳು ಬರುವುದೇ ಇಲ್ಲ. ಇದಲ್ಲದೆ ನಿರೋಧಕ ವ್ಯವಸ್ಥೆಯನ್ನು ಶಾಂತಗೊಳಿಸುವ ಟಿಜಿಎಫ್-ಬೀಟಾದಂಥ ರಾಸಾಯನಿಕಗಳು, ಬೇರೆ ಟಿ ಕೋಶಗಳನ್ನು ತಡೆಯುವುದೇ ಕೆಲಸವಾದ ರೆಗ್ಯುಲೇಟರಿ ಟಿ ಕೋಶಗಳು, ಇವೂ ಗೆಡ್ಡೆಯ ಸುತ್ತ ಸೇರಿಕೊಳ್ಳುತ್ತವೆ.

ಆದರೆ ವೈದ್ಯಕೀಯವನ್ನೇ ಬದಲಿಸಿದ ದಾರಿ ಬೇರೆ, ಅದರ ಹೆಸರು ಪಿಡಿ-1. ಟಿ ಕೋಶದ ಮೈಮೇಲೆ ಇದ್ದು ಹೊರಗಿನ ಸಂದೇಶ ಹಿಡಿಯುವ ಒಂದು ಪ್ರೋಟೀನ್ (ರಿಸೆಪ್ಟರ್) ಇದು, 1992ರಲ್ಲಿ ಕ್ಯೋಟೋದಲ್ಲಿ ತಾಸುಕು ಹೊಂಜೊ ಅವರ ಲ್ಯಾಬಿನಲ್ಲಿ ಸಿಕ್ಕಿತು. ಇದಕ್ಕೆ ಹೊಂದುವ ಜೋಡಿ ಪಿಡಿ-ಎಲ್1. ಇವೆರಡೂ ಸೇರಿದರೆ ಟಿ ಕೋಶ ದಾಳಿ ನಿಲ್ಲಿಸುತ್ತದೆ. ಇದನ್ನು ಮೆಲನೋಮಾ ಬಳಸುವ ರೀತಿಯನ್ನು ಸ್ವಲ್ಪ ನಿಧಾನವಾಗಿ ಓದಿ. ಟಿ ಕೋಶ ಗೆಡ್ಡೆಯೊಳಗೆ ಬಂತು, ಗುರುತು ಹಿಡಿಯಿತು, ದಾಳಿ ಶುರು ಮಾಡಿತು. ದಾಳಿಯ ಭಾಗವಾಗಿ ಅದು ಇಂಟರ್‌ಫೆರಾನ್-ಗಾಮಾ ಎಂಬ ರಾಸಾಯನಿಕವನ್ನು ಬಿಡುತ್ತದೆ. ಆ ಇಂಟರ್‌ಫೆರಾನ್ ತಾಗಿದ ಕೂಡಲೇ ಮೆಲನೋಮಾ ಕೋಶ ತನ್ನ ಮೈತುಂಬಾ ಪಿಡಿ-ಎಲ್1 ಹೊರಡಿಸುತ್ತದೆ. ಅಂದರೆ ದಾಳಿಯೇ ದಾಳಿಯನ್ನು ನಿಲ್ಲಿಸುವ ಸಂದೇಶವನ್ನು ಹುಟ್ಟಿಸುತ್ತದೆ! ಹಾಗಾಗಿ ಪಿಡಿ-ಎಲ್1 ತುಂಬಿರುವ ಜಾಗ ಎಂದರೆ ಎಷ್ಟೋ ಸಲ ಟಿ ಕೋಶಗಳು ಬಂದು ಹೋರಾಡುತ್ತಿರುವ ಜಾಗ. ಸೋತದ್ದಲ್ಲ, ನಡುವೆ ನಿಲ್ಲಿಸಿದ್ದು.

ಇದನ್ನೆಲ್ಲ ಕ್ಯಾನ್ಸರ್‌ನ ಕುತಂತ್ರ ಎಂದು ಬರೆಯುವುದು ರೂಢಿ. ನನಗೆ ಆ ಮಾತು ಸರಿ ಅನ್ನಿಸುವುದಿಲ್ಲ. ಮೆಲನೋಮಾ ಇದರಲ್ಲಿ ಬಹುಪಾಲನ್ನು ಹೊಸದಾಗಿ ಕಂಡುಹಿಡಿದದ್ದಲ್ಲ. ಪಿಡಿ-ಎಲ್1 ನಮ್ಮ ಆರೋಗ್ಯವಂತ ಅಂಗಾಂಶಗಳಲ್ಲೂ ಇದೆ. ಗರ್ಭಿಣಿಯ ಮಾಸಿನಲ್ಲಿ (ಪ್ಲಸೆಂಟಾ) ಅದು ಹೇರಳ, ಅರ್ಧ ತಂದೆಯ ಗುರುತು ಹೊತ್ತ ಮಗುವನ್ನು ತಾಯಿಯ ಟಿ ಕೋಶಗಳು ಮುಟ್ಟದಂತೆ ಕಾಯುವ ಏರ್ಪಾಡುಗಳಲ್ಲಿ ಅದೂ ಒಂದು. ಜ್ವರ ಬಂದು ವೈರಸ್ ಸತ್ತ ಮೇಲೂ ದಾಳಿ ಮುಂದುವರಿದರೆ ಶ್ವಾಸಕೋಶವೇ ಹಾಳಾಗುತ್ತದೆ, ಆಗಲೂ ನಿಲ್ಲಿಸಲು ಇಂಥ ತಡೆಗಳೇ ಬೇಕು. ಇಂಥದ್ದೇ ಇನ್ನೊಂದು ತಡೆ ಸಿಟಿಎಲ್‌ಎ-4. ಆ ಜೀನ್ ಇಲ್ಲದಂತೆ ಮಾಡಿದ ಇಲಿಮರಿಗಳು ಏನಾದವು ಎಂದು 1995ರಲ್ಲಿ ಗೊತ್ತಾಯಿತು. ಅವುಗಳ ಟಿ ಕೋಶಗಳು ತಮ್ಮದೇ ಹೃದಯಕ್ಕೆ, ತಮ್ಮದೇ ಮೇದೋಜೀರಕಕ್ಕೆ ನುಗ್ಗಿದವು. ಹುಟ್ಟಿದ ಮೂರು ನಾಲ್ಕು ವಾರದಲ್ಲಿ ಅಷ್ಟೂ ಸತ್ತವು.

ತಡೆ ಇಲ್ಲದ ನಿರೋಧಕ ಶಕ್ತಿ ಅಂದರೆ ಇದು. ಕೋವಿಡ್ ಕಾಲದಿಂದ ನಮ್ಮಲ್ಲಿ ಇಮ್ಯೂನಿಟಿ ಬೂಸ್ಟರ್ ಎಂಬ ಮಾತು ಮನೆಮನೆಗೂ ಬಂದಿದೆ. ಅಮೃತಬಳ್ಳಿ ಕಷಾಯ ಕುಡಿದರೆ ಕ್ಯಾನ್ಸರ್ ಬರಲ್ಲ, ಬಂದದ್ದೂ ಹೋಗುತ್ತೆ ಎಂದು ಯಾರೋ ಕಳಿಸುತ್ತಾರೆ, ಇನ್ಯಾರೋ ನಂಬುತ್ತಾರೆ. ರುಚಿಗೆ, ನೆಗಡಿಗೆ ಕಷಾಯ ಕುಡಿಯುವವರ ಮೇಲೆ ನನಗೆ ಯಾವ ತಕರಾರೂ ಇಲ್ಲ. ಆದರೆ ಮೆಲನೋಮಾ ರೋಗಿಯ ಕಷ್ಟ ನಿರೋಧಕ ಶಕ್ತಿ ಕಡಿಮೆ ಇರುವುದೇ ಆಗಿರಬೇಕಿಲ್ಲ. ಎಷ್ಟೋ ಸಲ ಶಕ್ತಿ ಇದೆ, ಅದು ಗೆಡ್ಡೆಯ ಬಾಗಿಲ ತನಕ ಬಂದೂ ಇದೆ, ಅದನ್ನು ಅಲ್ಲಿ ತಡೆದು ನಿಲ್ಲಿಸಲಾಗಿದೆ. ಹೆಚ್ಚಿಸುವುದು ಅನ್ನುವ ಕಡೆಯಿಂದಲೇ ಯೋಚಿಸುತ್ತಿದ್ದರೆ ಈ ಸಂಗತಿ ಕಣ್ಣಿಗೆ ಬೀಳುವುದೇ ಇಲ್ಲ. ವಿಜ್ಞಾನಿಗಳೂ ದಶಕಗಟ್ಟಲೆ ಹಾಗೇ ಯೋಚಿಸಿದ್ದರು. ಲಸಿಕೆ ಕೊಟ್ಟು, ಉತ್ತೇಜಕ ಕೊಟ್ಟು ಟಿ ಕೋಶಗಳನ್ನು ಹುರಿದುಂಬಿಸುವ ಪ್ರಯತ್ನ ಬಹಳ ನಡೆದವು, ಬಹುತೇಕ ಸೋತವು.

ದಿಕ್ಕು ತಿರುಗಿಸಿದವರಲ್ಲಿ ಮುಖ್ಯರು ಅಮೆರಿಕದ ಬರ್ಕ್ಲಿಯಲ್ಲಿದ್ದ ವಿಜ್ಞಾನಿ ಜೇಮ್ಸ್ ಆಲಿಸನ್. ಹುಡುಗನಾಗಿದ್ದಾಗಲೇ ತಾಯಿಯನ್ನು ಕ್ಯಾನ್ಸರ್‌ಗೆ ಕಳೆದುಕೊಂಡವರು. ಹೆಚ್ಚು ಉತ್ತೇಜನ ಕೊಡುವ ಬದಲು ಸಿಟಿಎಲ್‌ಎ-4 ಎಂಬ ತಡೆಯನ್ನು ಸ್ವಲ್ಪ ಕಾಲ ಮುಚ್ಚಿಟ್ಟರೆ ಹೇಗೆ ಎಂದು ಅವರು ಕೇಳಿಕೊಂಡರು. ಅದಕ್ಕೆ ಅಂಟಿಕೊಳ್ಳುವ ಪ್ರತಿಕಾಯವನ್ನು (ಆಂಟಿಬಾಡಿ) ಇಲಿಗಳಿಗೆ ಕೊಟ್ಟಾಗ ಗೆಡ್ಡೆಗಳು ಮಾಯವಾದವು. ಆ ಪ್ರಬಂಧ ಬಂದದ್ದು 1996ರಲ್ಲಿ. ಮನುಷ್ಯರಿಗೆ ಕೊಡುವ ಔಷಧವಾಗಿ, ಇಪಿಲಿಮುಮಾಬ್ ಎಂಬ ಹೆಸರಿನಲ್ಲಿ, ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 2011ರಲ್ಲಿ. ನಡುವೆ 15 ವರ್ಷ. ಪಿಡಿ-1 ತಡೆಯನ್ನು ಮುಚ್ಚುವ ಪೆಂಬ್ರೊಲಿಜುಮಾಬ್, ನಿವೊಲುಮಾಬ್ 2014ರಲ್ಲಿ ಬಂದವು. ಆಲಿಸನ್ ಮತ್ತು ಹೊಂಜೊ 2018ರಲ್ಲಿ ನೊಬೆಲ್ ಹಂಚಿಕೊಂಡರು.

ಅದಕ್ಕೂ ಮೊದಲು ಮೈಯೆಲ್ಲ ಹರಡಿದ ಮೆಲನೋಮಾ ಅಂದರೆ ಹೆಚ್ಚಿನವರಿಗೆ ಒಂದು ವರ್ಷವೂ ಇರುತ್ತಿರಲಿಲ್ಲ. ಈಗ ಎರಡೂ ಬಗೆಯ ಔಷಧ ಸೇರಿಸಿ ಕೊಟ್ಟ ದೊಡ್ಡ ಪ್ರಯೋಗವೊಂದರ ಹತ್ತು ವರ್ಷದ ಫಲಿತಾಂಶ 2024ರಲ್ಲಿ ಬಂದಿದೆ. ಹತ್ತು ವರ್ಷದ ನಂತರವೂ 43% ಜನ ಬದುಕಿದ್ದರು. ಅಮೆರಿಕದ ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್‌ಗೆ 2015ರಲ್ಲಿ ಮೆಲನೋಮಾ ಲಿವರ್‌ಗೂ ಮೆದುಳಿಗೂ ಹರಡಿತ್ತು. ಆಪರೇಷನ್, ರೇಡಿಯೇಷನ್ ಜೊತೆಗೆ ಪೆಂಬ್ರೊಲಿಜುಮಾಬ್ ಕೊಟ್ಟರು. ಅವರು ತೀರಿಕೊಂಡದ್ದು 2024ರ ಡಿಸೆಂಬರಿನಲ್ಲಿ, 100 ವರ್ಷ ತುಂಬಿದ ಮೇಲೆ.

ತಡೆ ತೆಗೆದರೆ ಅದರ ಬೆಲೆಯೂ ಇದೆ, ಇಲಿಮರಿಗಳು ಅದನ್ನು ಮೊದಲೇ ಹೇಳಿದ್ದವು. ಎರಡೂ ಔಷಧ ಒಟ್ಟಿಗೆ ತೆಗೆದುಕೊಂಡವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ತೀವ್ರ ಅಡ್ಡಪರಿಣಾಮ ಆಗುತ್ತದೆ. ದೊಡ್ಡ ಕರುಳು ಊದಿಕೊಂಡು ನಿಲ್ಲದ ಭೇದಿ, ಥೈರಾಯ್ಡ್ ಹಾಳಾಗುವುದು, ಲಿವರ್ ಉರಿಯೂತ, ಅಪರೂಪಕ್ಕೆ ಹೃದಯದ ಸ್ನಾಯುವಿನ ಮೇಲೇ ದಾಳಿ. ಇವು ಕೀಮೋ ಅಡ್ಡಪರಿಣಾಮದ ಹಾಗಲ್ಲ. ಇಲ್ಲಿ ಔಷಧ ಕೋಶವನ್ನು ಸುಡುವುದಿಲ್ಲ, ನಮ್ಮ ಟಿ ಕೋಶಗಳೇ ನಮ್ಮ ಮೇಲೆ ತಿರುಗುತ್ತವೆ.

ಇದರಲ್ಲಿ ಒಂದು ಪರಿಣಾಮದ ಬಗ್ಗೆ ನಾನು ಬೇರೆಯಾಗಿಯೇ ಹೇಳಬೇಕು. ಕೆಲವು ಮೆಲನೋಮಾ ರೋಗಿಗಳಿಗೆ ಚಿಕಿತ್ಸೆ ನಡುವೆ ಚರ್ಮದಲ್ಲಿ ಬಿಳಿ ಮಚ್ಚೆಗಳು ಏಳುತ್ತವೆ. ನಾವು ತೊನ್ನು ಅನ್ನುತ್ತೇವಲ್ಲ, ಅದೇ ಥರ. ಮೆಲನೋಮಾವನ್ನು ಬಣ್ಣದ ಪ್ರೋಟೀನಿನ ಗುರುತಿನಿಂದ ಹುಡುಕುತ್ತಿರುವ ಟಿ ಕೋಶಗಳಿಗೆ ಪಕ್ಕದ ಆರೋಗ್ಯವಂತ ಬಣ್ಣದ ಕೋಶದಲ್ಲೂ ಅದೇ ಗುರುತು ಸಿಗುತ್ತದೆ, ಅದನ್ನೂ ಕೊಲ್ಲುತ್ತವೆ. ಹೀಗೆ ಬಿಳಿ ಮಚ್ಚೆ ಎದ್ದ ರೋಗಿಗಳು ಸರಾಸರಿಯಲ್ಲಿ ಹೆಚ್ಚು ಕಾಲ ಬದುಕುತ್ತಾರೆ ಎಂದು ಹಲವು ಅಧ್ಯಯನಗಳು ಹೇಳುತ್ತವೆ. ಬೆಳ್ಳಗಾದ ಚರ್ಮ ನೋಡಿ ವೈದ್ಯರಿಗೆ ಸಮಾಧಾನ ಆಗುತ್ತದೆ. ನಮ್ಮೂರುಗಳಲ್ಲಿ ತೊನ್ನಿನ ಹೆಸರಲ್ಲಿ ಎಷ್ಟು ಮದುವೆ ಮಾತುಕತೆ ಮುರಿದಿವೆ, ಎಷ್ಟು ಹೆಣ್ಣುಮಕ್ಕಳು ಬೇಸಿಗೆಯಲ್ಲೂ ತೋಳು ಮುಚ್ಚಿಕೊಂಡು ಓಡಾಡುತ್ತಾರೆ ಎಂದು ನೋಡಿರುವವರಿಗೆ ಇದನ್ನು ಓದಿದರೆ ಗಂಟಲು ಕಟ್ಟುತ್ತದೆ. ತೊನ್ನು ಅಂಟುರೋಗ ಅಲ್ಲ, ಶಾಪವೂ ಅಲ್ಲ. ಯೂರೋಪಿನಲ್ಲಿ ತೊನ್ನು ಇರುವವರನ್ನು ಗಮನಿಸಿದಾಗ ಅವರಿಗೆ ಮೆಲನೋಮಾ ಬರುವುದು ಬೇರೆಯವರಿಗಿಂತ ಕಡಿಮೆ ಎಂದೂ ಕಂಡಿದೆ. ಅವರ ಟಿ ಕೋಶಗಳು ಬಣ್ಣದ ಕೋಶಗಳ ವಿಷಯದಲ್ಲಿ ಸ್ವಲ್ಪ ಜಾಸ್ತಿಯೇ ಎಚ್ಚರ ಇರುತ್ತವೆ, ಅಷ್ಟೇ.

ನಮ್ಮ ಕಡೆ ಮೆಲನೋಮಾ ಅಪರೂಪ. ಅಪರೂಪ ಅನ್ನುವುದೇ ಅಪಾಯವೂ ಆಗುತ್ತದೆ, ಯಾರಿಗೂ ಅದು ನೆನಪಿಗೇ ಬರುವುದಿಲ್ಲ. ತೀರ್ಥಹಳ್ಳಿ ಕಡೆ ತೋಟ ಮಾಡಿಕೊಂಡಿದ್ದ ನನ್ನ ಸೋದರಮಾವನಿಗೆ ಹಿಮ್ಮಡಿಯ ಕೆಳಗೆ ಒಂದು ಕಪ್ಪು ಕಲೆ ಇತ್ತು. ಆಣಿ ಇರಬೇಕು ಅಂದುಕೊಂಡರು. ತೋರಿಸಿದ ಕಡೆಯೂ ಆಣಿ ಎಂದೇ ಹೇಳಿ ಕೆತ್ತಿ ತೆಗೆದರು, ತೆಗೆದದ್ದನ್ನು ಪರೀಕ್ಷೆಗೆ ಕಳಿಸಲಿಲ್ಲ. ಗಾಯ ಮಾಗಲಿಲ್ಲ. ಆಮೇಲೆ ತೊಡೆಸಂದಿನಲ್ಲಿ ಗಂಟು ಎದ್ದಿತು, ಅಲ್ಲಿಂದ ಬಯಾಪ್ಸಿ ಆದಾಗಲೇ ಹೆಸರು ಗೊತ್ತಾದದ್ದು. ನಾನು ಇಂಟರ್‌ನೆಟ್‌ನಲ್ಲಿ ಓದಿದ್ದನ್ನೆಲ್ಲ ಹೇಳುತ್ತಿದ್ದರೆ ಮಾವ ಒಂದೇ ಪ್ರಶ್ನೆ ಕೇಳಿದರು. "ಬಿಸಿಲಿಗೆ ಬರೋ ಕಾಯಿಲೆ ಅಂತೀಯಲ್ಲೋ, ಅಂಗಾಲಿಗೆ ಯಾವ ಬಿಸಿಲು ಬೀಳುತ್ತೆ?"

ಅವರ ಪ್ರಶ್ನೆ ಸರಿಯಾಗಿತ್ತು. ಅಂಗಾಲು, ಅಂಗೈ, ಉಗುರಿನ ಅಡಿ, ಇಲ್ಲಿ ಬರುವ ಮೆಲನೋಮಾ ಬೇರೆಯದೇ ಜಾತಿ. ಆಕ್ರಲ್ ಮೆಲನೋಮಾ ಎನ್ನುತ್ತಾರೆ. ಬಿಸಿಲು ಇದಕ್ಕೆ ಮುಖ್ಯ ಕಾರಣ ಅಲ್ಲ. ಕಪ್ಪು, ಕಂದು ಚರ್ಮದವರಲ್ಲಿ ಮೆಲನೋಮಾ ಬಂದರೆ ಅದರಲ್ಲಿ ದೊಡ್ಡ ಪಾಲು ಇದೇ. ಜಮೈಕಾದ ಗಾಯಕ ಬಾಬ್ ಮಾರ್ಲಿ 1981ರಲ್ಲಿ, ಬರೀ 36 ವರ್ಷಕ್ಕೆ ತೀರಿಕೊಂಡದ್ದು ಕಾಲ್ಬೆರಳ ಉಗುರಿನ ಅಡಿ ಶುರುವಾದ ಇಂಥ ಮೆಲನೋಮಾದಿಂದ. ಬಿಸಿಲಿನ ಏಟು ಇಲ್ಲದ್ದರಿಂದ ಇದರಲ್ಲಿ ಮ್ಯುಟೇಷನ್‌ಗಳು ಕಡಿಮೆ. ವಿಚಿತ್ರ ಚೂರುಗಳೂ ಕಡಿಮೆ. ಟಿ ಕೋಶಕ್ಕೆ ಹಿಡಿಯಲು ಗುರುತೇ ಕಡಿಮೆ ಇರುವಾಗ ತಡೆ ತೆಗೆದರೂ ಲಾಭ ಅಷ್ಟಕ್ಕಷ್ಟೇ. ಈ ಔಷಧಗಳು ಆಕ್ರಲ್ ಮೆಲನೋಮಾದಲ್ಲಿ ಬಿಳಿ ಚರ್ಮದವರ ಬಿಸಿಲಿನ ಮೆಲನೋಮಾದಲ್ಲಿ ಕೊಟ್ಟಷ್ಟು ಫಲ ಕೊಡುವುದಿಲ್ಲ. ಮೇಲೆ ಹೇಳಿದ 43% ನಮ್ಮ ಅಂಗಾಲಿನ ಕಾಯಿಲೆಗೆ ಹಾಗೇ ಅನ್ವಯಿಸುವುದಿಲ್ಲ, ಇದನ್ನು ಮನೆಯವರಿಗೆ ಯಾರಾದರೂ ಬಿಡಿಸಿ ಹೇಳಬೇಕು. ಮಾವ ಈಗ ಇಲ್ಲ.

ದುಡ್ಡಿನ ಮಾತೂ ಬರಬೇಕು. ತಡೆ ತೆಗೆಯುವ ಇಂಥ ಚಿಕಿತ್ಸೆಗೆ ಇಮ್ಯೂನೋಥೆರಪಿ ಎನ್ನುತ್ತಾರೆ, ಅದರ ಪೂರ್ತಿ ಡೋಸ್ ಅಂದರೆ ಲಕ್ಷಗಟ್ಟಲೆ, ಅದೂ ತಿಂಗಳುಗಟ್ಟಲೆ. ತೋಟ ಮಾರಿದರೂ ಮುಗಿಯದ ಲೆಕ್ಕ. ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯವರು ಇದಕ್ಕೊಂದು ದಾರಿ ಹುಡುಕಿದರು. ತಲೆ ಮತ್ತು ಕುತ್ತಿಗೆಯ ಕ್ಯಾನ್ಸರ್ ಮುಂದುವರಿದವರಿಗೆ ಮಾಮೂಲಿಯ ಹತ್ತನೇ ಒಂದು ಪಾಲಿಗೂ ಕಡಿಮೆ, ಮೂರು ವಾರಕ್ಕೆ 20 ಮಿಲಿಗ್ರಾಂ ನಿವೊಲುಮಾಬ್ ಸೇರಿಸಿ ಕೊಟ್ಟು ನೋಡಿದರು. ಒಂದು ವರ್ಷದ ನಂತರ ಬದುಕಿದ್ದವರು 16% ಇಂದ 43%ಕ್ಕೆ ಏರಿದರು. ಅದು ಮೆಲನೋಮಾದ ಪ್ರಯೋಗ ಅಲ್ಲ, ಹಾಗಾಗಿ ಇಲ್ಲಿಗೆ ನೇರವಾಗಿ ತರಲಾಗದು. ಆದರೆ ಟಿ ಕೋಶದ ಮೇಲಿನ ಪಿಡಿ-1 ಮುಚ್ಚಲು ನಿಜಕ್ಕೂ ಎಷ್ಟು ಔಷಧ ಬೇಕು ಎಂಬ ಪ್ರಶ್ನೆಯನ್ನು ನಮ್ಮ ದೇಶದ ವೈದ್ಯರು ಇಷ್ಟು ಗಟ್ಟಿಯಾಗಿ ಕೇಳಿದ್ದು ನನಗೆ ಹೆಮ್ಮೆಯ ವಿಷಯ.

ಔಷಧ ಕೆಲಸ ಮಾಡಿದ ಮೇಲೂ ಮೆಲನೋಮಾ ಸುಮ್ಮನಿರುವುದಿಲ್ಲ. 2016ರಲ್ಲಿ ಲಾಸ್ ಏಂಜಲೀಸ್‌ನ ಸಂಶೋಧಕರು ನಾಲ್ಕು ರೋಗಿಗಳನ್ನು ಪರೀಕ್ಷಿಸಿದರು. ಪೆಂಬ್ರೊಲಿಜುಮಾಬ್‌ನಿಂದ ಗೆಡ್ಡೆ ಕರಗಿ, ಬಹಳ ಕಾಲದ ನಂತರ ಮತ್ತೆ ಬಂದಿದ್ದವರು ಇವರು. ಇಬ್ಬರಲ್ಲಿ ಇಂಟರ್‌ಫೆರಾನ್ ಸಂದೇಶವನ್ನು ಕೋಶದೊಳಕ್ಕೆ ಒಯ್ಯುವ ಜೀನ್‌ಗಳು ಕೆಟ್ಟಿದ್ದವು, ಇನ್ನೊಬ್ಬರಲ್ಲಿ ಮೊದಲು ಹೇಳಿದೆನಲ್ಲ, ಆ ಬೀಟಾ-2 ಮೈಕ್ರೋಗ್ಲಾಬ್ಯುಲಿನ್. ಒಂದು ದಾರಿ ಮುಚ್ಚಿದಾಗ ಕೋಟ್ಯಂತರ ಕೋಶಗಳಲ್ಲಿ ಯಾವುದೋ ಒಂದು ಇನ್ನೊಂದು ದಾರಿಯಲ್ಲಿ ಉಳಿದುಕೊಂಡು ಮತ್ತೆ ಬೆಳೆದಿತ್ತು. ಅಂಥ ರೋಗಿಗಳಿಗಾಗಿಯೇ ರೋಸೆನ್‌ಬರ್ಗ್ ಶುರು ಮಾಡಿದ ಹಳೆಯ ವಿಧಾನ, ಗೆಡ್ಡೆಯ ಟಿ ಕೋಶಗಳನ್ನು ಹೊರಗೆ ಬೆಳೆಸಿ ವಾಪಸ್ ಕೊಡುವುದು, 2024ರ ಫೆಬ್ರವರಿಯಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು. ಮೊದಲ ಫಲಿತಾಂಶ ಬಂದು 36 ವರ್ಷಗಳ ನಂತರ.

ಇತ್ತೀಚೆಗೆ ಬಂದ ಕೆಲಸಗಳಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು ಇನ್ನೊಂದು ಪ್ರಯೋಗ. ಲಿಂಫ್ ಗಂಟಿಗೆ ಹರಡಿದ, ಆದರೆ ಇನ್ನೂ ಆಪರೇಷನ್ ಮಾಡಬಹುದಾದ ಮೆಲನೋಮಾ ಇದ್ದರೆ ಮೊದಲು ಕತ್ತರಿಸಿ ತೆಗೆಯುವುದು, ಆಮೇಲೆ ಔಷಧ, ಇದು ರೂಢಿಯಾಗಿತ್ತು. ಮೈಯಲ್ಲಿ ಗೆಡ್ಡೆ ಇದೆ ಅಂದರೆ ಒಂದು ದಿನವೂ ಬಿಡಬಾರದು ಅನ್ನುವುದು ನಮ್ಮೆಲ್ಲರಿಗೂ ಸಹಜವಾಗಿ ಅನ್ನಿಸುವ ಮಾತು, ಅಲ್ವಾ? ಆದರೆ ಟಿ ಕೋಶಗಳ ಕಡೆಯಿಂದ ನೋಡಿದರೆ ಲೆಕ್ಕ ಬೇರೆ. ಗೆಡ್ಡೆಯ ಜೊತೆ ಅದರೊಳಗೆ ತಡೆಹಿಡಿದು ನಿಂತಿದ್ದ ಟಿ ಕೋಶಗಳೂ ಹೋಗುತ್ತವೆ, ಅವು ನೋಡಿ ಕಲಿಯಬೇಕಾದ ಚೂರುಗಳೂ ಹೋಗುತ್ತವೆ. ಗೆಡ್ಡೆ ಇರುವಾಗಲೇ ತಡೆ ತೆಗೆದರೆ ಅಲ್ಲಿನ ಟಿ ಕೋಶಗಳು ಎದ್ದು ಹೆಚ್ಚಾಗಿ ರಕ್ತದಲ್ಲಿ ಹೊರಟು, ಕಣ್ಣಿಗೆ ಕಾಣದೆ ಬೇರೆಡೆ ಉಳಿದ ಕೋಶಗಳನ್ನೂ ಹುಡುಕಬಹುದು.

ಇದನ್ನು ಪರೀಕ್ಷಿಸಿದ ಪ್ರಯೋಗದ ಫಲಿತಾಂಶ 2023ರಲ್ಲಿ ಬಂತು. ಒಂದು ಗುಂಪಿಗೆ ಆಪರೇಷನ್ ಆದ ಮೇಲೆ ಪೆಂಬ್ರೊಲಿಜುಮಾಬ್‌ನ 18 ಡೋಸ್. ಇನ್ನೊಂದು ಗುಂಪಿಗೆ ಅದೇ 18ರಲ್ಲಿ ಮೂರನ್ನು ಆಪರೇಷನ್‌ಗೆ ಮೊದಲೇ ಕೊಟ್ಟು, ಉಳಿದ 15 ಆಮೇಲೆ. ಎರಡು ವರ್ಷದ ಹೊತ್ತಿಗೆ ಕಾಯಿಲೆ ಮರುಕಳಿಸದೆ, ಬೇರೆ ಅಡ್ಡಿ ಆಗದೆ ಇದ್ದವರು ಮೊದಲ ಗುಂಪಿನಲ್ಲಿ 49%, ಎರಡನೆಯದರಲ್ಲಿ 72%. ಒಂದು ಡೋಸ್ ಕೂಡ ಜಾಸ್ತಿ ಇಲ್ಲ, ಹಾಗಾಗಿ ಔಷಧದ ಬಿಲ್ಲಿನಲ್ಲಿ ಒಂದು ರೂಪಾಯಿಯೂ ಏರುವುದಿಲ್ಲ. ಮನೆಯಲ್ಲಿ ಯಾರಿಗಾದರೂ ಈ ಹಂತದ ಮೆಲನೋಮಾ ಅಂತ ಗೊತ್ತಾದರೆ, ಆಪರೇಷನ್ ದಿನ ಗೊತ್ತು ಮಾಡುವ ಮೊದಲು ಆಂಕಾಲಜಿಸ್ಟ್ (ಕ್ಯಾನ್ಸರ್ ವೈದ್ಯರು) ಹತ್ತಿರ ಈ ಒಂದು ವಿಷಯವನ್ನು ಕೇಳಿ: ನಮಗೆ ಇಮ್ಯೂನೋಥೆರಪಿ ಕೊಡುವುದಾದರೆ, ಗೆಡ್ಡೆ ತೆಗೆಯುವ ಮುಂಚೆಯೇ ಶುರು ಮಾಡಬಹುದಾ?